ಸಪೋರ್ಟ್ ಆಫೀಸ್‌ನಾಗ ಸಿಕ್ಕೊಂಡೋರಿಗೆ ಒಂದು ಸಲಹೆ

ಪುಣೆದ ಹಿಂಜೇವಾಡಿ, ಖರಾಡಿ ಕಡೆ ಅಮೆರಿಕಾದ ಸಾಫ್ಟ್‌ವೇರ್ ಕಂಪನಿಗಳ ಸಪೋರ್ಟ್ ಆಫೀಸ್‌ನಾಗ ಇರೋರು ಕ್ಲೋಸ್ ಮಾಡಿದ ಟಿಕೆಟ್ (ಕಸ್ಟಮರ್ ಕಳಿಸಿದ ದೂರು) ಎಣಿಸೋದು ಬಿಡ್ರಿ, ಪದೇ ಪದೇ ಬರೋ ಒಂದ ಪ್ರಾಬ್ಲೆಮ್ ಹಿಡಕೊಂಡು ತಿಂಗಳಿಗೊಮ್ಮೆ ಒಂದು ಪುಟದ ನೋಟ್ ಬರದು ಹೆಡ್ ಆಫೀಸ್‌ನ ಡೆವಲಪರ್ ಟೀಮಿಗೆ ಕಳಸ್ರಿ. ಎಷ್ಟು ಟಿಕೆಟ್ ಬಂದಾವ, ಲಾಗ್‌ನಾಗ (ಸಿಸ್ಟಮ್ ತಾನ ಬರದಿಡೋ ದಾಖಲೆ) ಯಾವ ಎರರ್, ಏನ್ ಮಾಡಿದ್ರ ಮತ್ತ ಬರ್ತದ, ಬಗ್ (ಸಾಫ್ಟ್‌ವೇರ್ ತಪ್ಪು) ನಂಬರ್, ಇಷ್ಟ ಸಾಕು, ಕಸ್ಟಮರ್ ಭಾಳ ಸಿಟ್ಟಾಗ್ಯಾರ ಅಂತ ಬರೀಬ್ಯಾಡ್ರಿ, ಅದನ್ನ ಯಾರೂ ಓದಂಗಿಲ್ಲ. ಯಾಕಂದ್ರ ಇಲ್ಲಿ ಮ್ಯಾಲಿನ ಕುರ್ಚಿ ಒಂದೋ ಎರಡೋ, ಅದರಾಗ ಕುಂತವರು ಬಿಟ್ಟು ಹೋಗೋತನಕ ಕಾಯಬೇಕು, ಪ್ರಾಡಕ್ಟ್ ಕೆಲಸ ಎಲ್ಲಾ ಹೆಡ್ ಆಫೀಸ್‌ನಾಗ. ಟಿಕೆಟ್ ಲೆಕ್ಕ ಅಲ್ಲಿನವರಿಗೆ ಬರೇ ಅಂಕಿ, ಬಗ್ ಹಿಡದವರ ಹೆಸರು ಮಾತ್ರ ನೆನಪಿರ್ತದ, ಟ್ರಾನ್ಸ್‌ಫರ್ ಕೇಳುವಾಗ ಅದ ಕೆಲಸಕ್ಕ ಬರ್ತದ. ಅವರ ಜೋಡಿ ಕಾಲ್ ಬೇಕಂದ್ರ ಬ್ಯಾಸಿಗ್ಯಾಗ ಸಂಜಿ 6:30ಕ್ಕ ಇಡ್ರಿ, ನ್ಯೂಯಾರ್ಕ್‌ನಾಗ ಆಗ ಮುಂಜಾನೆ 9, ಚಳಿಗಾಲದಾಗ 7:30. ಮ್ಯಾನೇಜರ್‌ನ ಸಿಸಿ ಒಳಗ ಹಾಕೋದು ಮರೀಬ್ಯಾಡ್ರಿ, ಇಲ್ಲಂದ್ರ ಅಪ್ರೈಸಲ್‌ನಾಗ ಸೇಡು ತೀರಸ್ತಾರ. ಥರ್ಡ್ ಪಾರ್ಟಿ ಪೇರೋಲ್ ಮ್ಯಾಲಿದ್ರ (ಅಂದ್ರ ಸಂಬಳ ಬ್ಯಾರೆ ಏಜೆನ್ಸಿ ಕೊಡ್ತಿದ್ರ) ಮಾತ್ರ ಇದು ನಡಿಯೋದು ಕಷ್ಟ, ಒಳಗಿನ ಜಾಬ್ ಪೋಸ್ಟಿಂಗ್ ಸುದ್ದಾ ಕಾಣಂಗಿಲ್ಲ ಎಷ್ಟೋ ಸಲ, ಆವಾಗ ಕಸ್ಟಮರ್ ಹೆಸರು ತಗದು ಅದ ಕೆಲಸಾನ ರೆಸ್ಯೂಮ್‌ನಾಗ ಹಾಕ್ಕೊಂಡು ಹೊರಗ ನೋಡ್ರಿ.