ಗಾಳಿ ಗುಜರಾತಿಗೆ, ನೀರು ನಮ್ಮ ಅಂಗಳಕ್ಕೆ

2021ರ ಮೇ 14ರ ಸಂಜೆ. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಬಲಗೊಳ್ಳುತ್ತಿತ್ತು. ಮರವಂತೆ ಸುತ್ತಿನ ಕಡಲತಡಿಯ ಮನೆಗಳಿಗೆ ಸುದ್ದಿ ಮುಟ್ಟಿಸುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹವಾಮಾನ ಇಲಾಖೆಯ ಪ್ರಕಟಣೆಯನ್ನು ಅಕ್ಷಾಂಶ, ರೇಖಾಂಶ, ಗಾಳಿಯ ವೇಗ ಒಂದನ್ನೂ ಬಿಡದೆ ಕನ್ನಡಕ್ಕೆ ಇಳಿಸಿ ವಾಟ್ಸಾಪಿಗೆ ಹಾಕಿದೆ. ದೊಡ್ಡ ಕೆಲಸ ಮುಗಿಸಿದೆ ಅಂದುಕೊಂಡೆ.

ರಾತ್ರಿ ನಾಡದೋಣಿಯ ಹಿರಿಯರೊಬ್ಬರು ಸಿಕ್ಕಿದರು. "ಗುಜರಾತಿಗ್ ಹೋಪು ಗಾಳಿ ಅಂಬ್ರಲ್ಲ ಮಾರಾಯ್ರೆ, ನಮ್ಗೆಂತ ಆತ್ತ್?"

ಅವರು ಓದಿದ್ದು ಸರಿಯಾಗಿಯೇ ಇತ್ತು. ತಪ್ಪು ನನ್ನದು. ಚಂಡಮಾರುತ ಕಡಲಿಂದ ನೆಲಕ್ಕೆ ದಾಟುವ ಜಾಗ, ಗುಜರಾತನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೆ. ಚಂಡಮಾರುತದ ಗಾಳಿ ನಮ್ಮ ಕಡೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದು ನಮ್ಮ ಪಶ್ಚಿಮದಲ್ಲಿ, ದೂರದ ಕಡಲಲ್ಲೇ ಉತ್ತರಕ್ಕೆ ಸಾಗಿದರೂ ಅದರ ಬಲಬದಿಯ ಗಾಳಿ ತೆಂಕಣ, ನೈಋತ್ಯದಿಂದ ಬೀಸಿ ನೀರನ್ನು ನಮ್ಮ ದಡಕ್ಕೆ ದೂಡುತ್ತದೆ. ಅದಕ್ಕೆ ಉಬ್ಬರ ಸೇರಿತೋ, ಮುಗಿಯಿತು. ಮರವಂತೆಯಲ್ಲಂತೂ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ.

ಆ ರಾತ್ರಿಯೇ ಸಂದೇಶ ತಿರುಗಿ ಬರೆದೆ. ಗುಜರಾತು ತೆಗೆದೆ, ಕಿಲೋಮೀಟರ್ ತೆಗೆದೆ. "ನಾಳೆ ಉಬ್ಬರದ ಹೊತ್ತಿಗೆ ನೀರು ತಡೆಗೋಡೆ ಹಾರಿ ಮೊದಲ ಸಾಲಿನ ತೆಂಗಿನ ಬುಡ ಮುಟ್ಟಬಹುದು. ದೋಣಿ, ಬಲೆ, ಎಂಜಿನ್ ಇಂದೇ ಮೇಲೆಳೆಯಿರಿ. ಮುದುಕರು, ಮಕ್ಕಳು ರಸ್ತೆಯಾಚೆ ಎತ್ತರದಲ್ಲಿರುವ ನೆಂಟರ ಮನೆಗೆ." ಕಾಳಜಿ ಕೇಂದ್ರ, ಅಂದರೆ ಸರ್ಕಾರದ ಪರಿಹಾರ ಶಿಬಿರ, ಎಂದು ಮೊದಲಿಗೇ ಬರೆಯಲಿಲ್ಲ. ಕೊರೊನಾ ಎರಡನೇ ಅಲೆಯ ದಿನಗಳು, ನೀರಿಗಿಂತ ಪಕ್ಕದವರ ಕೆಮ್ಮಿಗೇ ಜನ ಹೆದರುತ್ತಿದ್ದರು. ಬರೆದದ್ದನ್ನು ಆ ಹಿರಿಯರ ಕೈಯಲ್ಲೇ ಓದಿಸಿ, ಅವರ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ನನ್ನ ಪುಸ್ತಕದ ಕನ್ನಡ ಯಾರಿಗೆ ಬೇಕು?

ಮೀಟರ್ ಲೆಕ್ಕದ ತಾಪತ್ರಯ ಬೇರೆ. ಪ್ರಕಟಣೆಯಲ್ಲಿ ಬರುವ ಅಲೆಯ ಎತ್ತರ ಕಡಲ ನಡುವಿನದು. ಅದನ್ನೇ ಹಾಗೇ ಹೇಳಿದರೆ ಕೆಲವರು ಮನೆಯ ಮಾಡೇ ಮುಳುಗುತ್ತದೆಂದು ಹೌಹಾರುತ್ತಾರೆ, ಉಳಿದವರು ನಗುತ್ತಾರೆ. ಆರೆಂಜ್, ರೆಡ್ ಅಲರ್ಟ್ ಎಂದು ನಾವು ಕೇಳುವುದು ಹೆಚ್ಚಾಗಿ ಮಳೆಗೆ. ಮಳೆ ಕಡಿಮೆಯಿದ್ದ ದಿನವೂ ಕಡಲು ಅಂಗಳಕ್ಕೆ ಬರಬಹುದು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಬೆಳಗಾಗುವಾಗ ಗಾಳಿಗೆ ತೌತೆ ಎಂಬ ಹೆಸರು ಬಿದ್ದಿತ್ತು. ಮ್ಯಾನ್ಮಾರ್ ಕೊಟ್ಟ ಹೆಸರು, ಹಲ್ಲಿ ಎಂದರ್ಥ. "ಲೊಚಗುಟ್ಟಿದ್ ಕೇಣ್ತಾ?" ಎಂದು ಹುಡುಗರು ತಮಾಷೆ ಮಾಡುತ್ತಲೇ ದೋಣಿ ಎಳೆದರು. ಮಧ್ಯಾಹ್ನದೊಳಗೆ ನೀರು ತೆಂಗಿನ ಬುಡ ದಾಟಿತ್ತು.

ಆದರೂ ಒಂದು ಕಡೆ ಎಡವಿದೆ. ಯಾವಾಗ ಮನೆ ಬಿಡಬೇಕೆಂದು ಹೇಳಿದ್ದೆ, ಯಾವಾಗ ಮರಳಬೇಕೆಂದು ಹೇಳಿರಲಿಲ್ಲ. ಇಳಿತಕ್ಕೆ ನೀರು ಸರಿದದ್ದೇ ಕೆಲವರು ದನಕ್ಕೆ ಹುಲ್ಲು ಹಾಕಲು ಬಂದು ಅಲ್ಲೇ ಮಲಗಿದರು. ಮುಂದಿನ ಉಬ್ಬರ ಕತ್ತಲಲ್ಲಿ ಬಂತು. ಕೈಯಲ್ಲಿ ಕರು ಹಿಡಿದು ಮೊಣಕಾಲು ನೀರಲ್ಲಿ ರಸ್ತೆಗೆ ಬಂದವರೂ ಇದ್ದರು. ಜೀವಕ್ಕೇನೂ ಆಗಲಿಲ್ಲ. 17ರ ರಾತ್ರಿ ತೌತೆ ಗುಜರಾತಿನ ಊನಾ ಬಳಿ ದಡ ಹತ್ತಿತು.

2023ರ ಜೂನಿನಲ್ಲಿ ಬಿಪೊರ್‌ಜಾಯ್ ಚಂಡಮಾರುತ ಎದ್ದಾಗ ಮೊದಲು ಬರೆದ ಸಾಲು ಇದು: "ಇಳಿತ ಕಂಡು ಮನೆಗೆ ಬರಬೇಡಿ, ಎರಡು ಉಬ್ಬರ ಕಳೆಯಲಿ. ದನವನ್ನೂ ಜೊತೆಗೇ ಕರೆದೊಯ್ಯಿರಿ."