ಲಂಗದ ಸುತ್ತಳತೆ, ಕಿತ್ತಳೆಯ ಸಿಪ್ಪೆ

ಶ್ರೀರಾಮಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಪಕ್ಕದ ಮನೆಯ ಹುಡುಗಿ ಸಂಜೆ ಹೊತ್ತು ಪುಸ್ತಕ ಹಿಡಿದು ಬಂದು ಕೂರುತ್ತಾಳೆ. ಮೊನ್ನೆ ಕೇಳಿದಳು, "ಆಂಟಿ, ಪೈ ಅಂದ್ರೆ 22 ಬೈ 7 ಅಂತ ಬಾಯಿಪಾಠ ಆಗಿದೆ. ಆದ್ರೆ ಅದು ಬಂದಿದ್ದು ಎಲ್ಲಿಂದ?" ನಾನು ಟೇಪು ತೆಗೆದು ಅವಳ ಕೈಗೆ ಕೊಟ್ಟೆ. ನೀವೂ ಒಂದು ಟೇಪು, ಒಂದು ಊಟದ ತಟ್ಟೆ, ಒಂದು ಕಿತ್ತಳೆ ಇಟ್ಟುಕೊಳ್ಳಿ.

ತಟ್ಟೆಯನ್ನು ಕಾಗದದ ಮೇಲೆ ಕವುಚಿ ಸುತ್ತ ಗೆರೆ ಎಳೆಯಿರಿ. ಈಗ ಕೇಂದ್ರ ಹುಡುಕಬೇಕು. ನ್ಯೂಸ್ ಪೇಪರಿನ ಮೂಲೆಯನ್ನು ಸರಿಯಾಗಿ ಆ ಗೆರೆಯ ಮೇಲೆ ಕೂರಿಸಿ. ಪೇಪರಿನ ಎರಡು ಅಂಚೂ ವೃತ್ತವನ್ನು ಮತ್ತೆರಡು ಕಡೆ ದಾಟುತ್ತವೆ. ಅಲ್ಲಿ ಚುಕ್ಕೆ ಇಟ್ಟು ಸೇರಿಸಿದರೆ ಅದೇ ವ್ಯಾಸ. ಅರ್ಧವೃತ್ತದೊಳಗಿನ ಕೋನ ಯಾವಾಗಲೂ 90 ಡಿಗ್ರಿ, ಅದಕ್ಕೇ ಹೀಗಾಗುತ್ತದೆ. ಪೇಪರನ್ನು ಬೇರೆ ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆಯಿರಿ. ಎರಡೂ ಕೂಡುವ ಜಾಗವೇ ಕೇಂದ್ರ.

ಇನ್ನು ತಟ್ಟೆಯ ಸುತ್ತ ಟೇಪು ಹಿಡಿದು, ಬಂದ ಅಳತೆಯನ್ನು ವ್ಯಾಸದಿಂದ ಭಾಗಿಸಿ. ತಟ್ಟೆಯಾಗಲಿ ಬಳೆಯಾಗಲಿ, ಮೂರಕ್ಕಿಂತ ಚೂರು ಜಾಸ್ತಿ ಬರುತ್ತದೆ. ಅದೇ ಪೈ; 22 ಬೈ 7 ಅದರ ಹತ್ತಿರದ ಬೆಲೆ. ಆರ್ಯಭಟ 499ರಲ್ಲೇ ಇದನ್ನು 3.1416 ಅಂತ ಲೆಕ್ಕ ಹಾಕಿದ್ದ. ಇದು ಹತ್ತಿರದ ಬೆಲೆ ಮಾತ್ರ ಎಂದೂ ಹೇಳಿದ್ದ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ನನಗೆ ಇದು ದಿನಾ ಬೇಕಾಗುವುದು ಅಂಬ್ರೆಲಾ ಲಂಗಕ್ಕೆ. ಮಗುವಿನ ಸೊಂಟ 22 ಇಂಚು ಅನ್ನಿ. 22 ಪರಿಧಿಗೆ ವ್ಯಾಸ 7, ತ್ರಿಜ್ಯ ಮೂರೂವರೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಸಿದ ಮೂಲೆಯಿಂದ ಟೇಪು ತಿರುಗಿಸುತ್ತಾ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊಲಿಗೆಗೆ ಅರ್ಧ ಇಂಚು ಬಿಡಬೇಕಲ್ಲ, ಅದನ್ನು ಒಳಗೆ ಬಿಡಿ. ಅಂದರೆ 3 ಇಂಚಿಗೆ ಕತ್ತರಿಸಿ. ಇಲ್ಲಿ ಹೊಸಬರು ಹೊರಗೆ ಬಿಟ್ಟು 4 ಇಂಚಿಗೆ ಕತ್ತರಿಸಿಬಿಡುತ್ತಾರೆ. ತ್ರಿಜ್ಯ ಒಂದಿಂಚು ಬೆಳೆದರೆ ಸುತ್ತಳತೆ ಆರೂಕಾಲು ಇಂಚು ಬೆಳೆಯುತ್ತದೆ. ಲಂಗ ಸೊಂಟದಲ್ಲಿ ನಿಲ್ಲುವುದೇ ಇಲ್ಲ! ಉದ್ದ 17 ಇಂಚಾದರೆ ಕೆಳಗಿನ ತ್ರಿಜ್ಯ ಇಪ್ಪತ್ತೂವರೆ, ಸುತ್ತ ಸುಮಾರು 129 ಇಂಚು. ಚಿಕ್ಕಪೇಟೆಯಲ್ಲಿ ಲೇಸ್ ಕೊಳ್ಳುವಾಗ ಮೂರೂವರೆ ಮೀಟರ್ ಕೇಳಿ. ಮಡಚಿ ಹೊಲಿಯಲು ಅರ್ಧ ಇಂಚು ಸೇರಿಸಿದರೂ ಒಟ್ಟು ವ್ಯಾಸ 42 ಇಂಚು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಜೋಡಣೆ ಇಲ್ಲದೆ ಬರುತ್ತದೆ.

ಗೋಳಕ್ಕೆ ಕಿತ್ತಳೆ. ಆದಷ್ಟು ಗುಂಡಗಿರುವುದನ್ನು ಆರಿಸಿ. ಸರಿಯಾಗಿ ನಡುವೆ ಕತ್ತರಿಸಿ, ರಸ ಒರೆಸಿ, ಕತ್ತರಿಸಿದ ಮುಖವನ್ನು ಕಾಗದದ ಮೇಲಿಟ್ಟು ಅದೇ ಅಳತೆಯ ನಾಲ್ಕು ವೃತ್ತ ಬರೆಯಿರಿ. ಎರಡೂ ಹೋಳಿನ ಸಿಪ್ಪೆ ಸುಲಿದು, ಸಣ್ಣ ಚೂರು ಮಾಡಿ, ಒತ್ತಿ ಚಪ್ಪಟೆ ಮಾಡಿ ವೃತ್ತಗಳಲ್ಲಿ ತುಂಬಿ. ಹುಡುಗಿ ಎರಡು ವೃತ್ತ ಸಾಕು ಅಂದುಕೊಂಡಿದ್ದಳು. ಮೂರೂ ತುಂಬಿತು. ನಾಲ್ಕನೆಯದು ಹೆಚ್ಚುಕಡಿಮೆ ತುಂಬುವಾಗ ಸಿಪ್ಪೆ ಮುಗಿಯಿತು. ಆರ್ ಅಂದರೆ ತ್ರಿಜ್ಯ, ಒಂದು ವೃತ್ತದ ವಿಸ್ತೀರ್ಣ ಪೈ ಆರ್ ವರ್ಗ. ಗೋಳದ ಮೇಲ್ಮೈ ನಾಲ್ಕು ಪೈ ಆರ್ ವರ್ಗ ಅನ್ನುವುದು ಇದೇ. ಘನಫಲ ಬೇಕಾದರೆ ಆ ಮೇಲ್ಮೈಯನ್ನು ತ್ರಿಜ್ಯದಿಂದ ಗುಣಿಸಿ, ಮೂರರಿಂದ ಭಾಗಿಸಿ.

ಅವಳು ತೊಳೆ ತಿನ್ನುತ್ತಾ ಸಿಪ್ಪೆಯನ್ನು ಮತ್ತೊಮ್ಮೆ ಜೋಡಿಸುತ್ತಿದ್ದಳು.