ತಾರಸಿಯಲ್ಲಿ ಮಳೆಯ ಹುಳಿ ಅಳೆಯುವುದು: ನನ್ನ ಅನುಭವ

ಪಿಎಚ್ ಎಂದರೆ ನೀರಿನ ಹುಳಿಯ ಅಳತೆ: 7 ಎಂದರೆ ಹುಳಿಯಿಲ್ಲ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮಳೆನೀರಿಗೆ ಪಿಎಚ್ ಮೀಟರ್ ಅದ್ದಿದಾಗ 5.6 ಬಂದರೆ ಮೀಟರ್ ಕೆಟ್ಟಿದೆ, ಊರ ಗಾಳಿ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹನಿಯಲ್ಲಿ ಕರಗಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಆ ಆಮ್ಲವೊಂದೇ ನೀರನ್ನು 7ರಿಂದ 5.6ಕ್ಕೆ ಇಳಿಸುತ್ತದೆ. ನೋಡಬೇಕೆಂದರೆ 200 ಮಿಲಿ ಡಿಸ್ಟಿಲ್ಡ್ ವಾಟರ್ ಅನ್ನು ಹತ್ತು ನಿಮಿಷ ಕುದಿಸಿ, ಮುಚ್ಚಳ ಬಿಗಿದು ಆರಿಸಿ ಅಳೆಯಿರಿ. ಅಂಕಿ 7ರ ಹತ್ತಿರ ಇರುತ್ತದೆ. ಅದೇ ನೀರಿಗೆ ಸ್ಟ್ರಾ ಹಾಕಿ ಎರಡು ನಿಮಿಷ ಊದಿದರೆ 5ಕ್ಕಿಂತ ಕೆಳಗೆ ಜಾರುತ್ತದೆ, ಏಕೆಂದರೆ ನಮ್ಮ ಉಸಿರಿನಲ್ಲಿ ಶೇ 4ರಷ್ಟು ಇಂಗಾಲದ ಡೈಆಕ್ಸೈಡ್ ಇದೆ.

ಹಾಗಾದರೆ ಆಮ್ಲ ಮಳೆಗೆ ಇದೇ ಕಾರಣವೇ? ಅಲ್ಲ. ಕಾರ್ಖಾನೆಗಳ ಕಾಲಕ್ಕೂ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ 280 ಪಿಪಿಎಂ (ಹತ್ತು ಲಕ್ಷಕ್ಕೆ 280 ಪಾಲು) ಇತ್ತು, ಈಗ 420 ದಾಟಿದೆ. ಇಷ್ಟು ಏರಿದರೂ ಮಳೆಯ ಪಿಎಚ್ ಇಳಿಯುವುದು 5.7ರಿಂದ 5.6ಕ್ಕೆ ಮಾತ್ರ. ಕಾರ್ಬೊನಿಕ್ ಆಮ್ಲ ಅಷ್ಟು ದುರ್ಬಲ. ಮಳೆಯನ್ನು ನಿಜವಾಗಿ ಹುಳಿ ಮಾಡುವುದು ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು. ಒಂದು ಟನ್ ಕಲ್ಲಿದ್ದಲಿನಲ್ಲಿ ಶೇ 0.5 ಗಂಧಕ ಇದೆ ಎಂದುಕೊಳ್ಳಿ. 5 ಕಿಲೋ ಗಂಧಕ ಉರಿದು 10 ಕಿಲೋ ಗಂಧಕದ ಡೈಆಕ್ಸೈಡ್ ಆಗುತ್ತದೆ. ಅದಷ್ಟೂ ಮೋಡದ ಹನಿಗಳಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಜೊತೆ ಸೇರಿ ಬದಲಾದರೆ 15 ಕಿಲೋ ಸಲ್ಫ್ಯೂರಿಕ್ ಆಮ್ಲ! ವಾಹನಗಳ ಕತೆ ಬೇರೆ. 2020ರಿಂದ ಬಂದ ಬಿಎಸ್‌-6 ಡೀಸೆಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದೆ. ಆದರೆ ನೈಟ್ರಿಕ್ ಆಮ್ಲಕ್ಕೆ ಬೇಕಾದ ಸಾರಜನಕ ಬರುವುದು ಬಹುಪಾಲು ಗಾಳಿಯಿಂದಲೇ. ಎಂಜಿನ್ನಿನ ಬಿಸಿಗೆ ಅದು ಆಮ್ಲಜನಕದೊಡನೆ ಕೂಡುತ್ತದೆ, ಇಂಧನ ಎಷ್ಟು ಶುದ್ಧವಾದರೂ ಅಷ್ಟೇ. ಮಿಂಚು ಮಾಡುವುದೂ ಇದೇ ಕೆಲಸ, ಹಾಗಾಗಿ ಕಾಡಿನ ನಡುವಿನ ಮಳೆಯೂ ಕೆಲವೊಮ್ಮೆ 5.6ಕ್ಕಿಂತ ಕೆಳಗಿರುತ್ತದೆ.

ಇನ್ನು ಅಳತೆ. 20 ಸೆಂಮೀ ಬಾಯಿಯ ಪ್ಲಾಸ್ಟಿಕ್ ಆಲಿಕೆ, ಕೆಳಗೆ ಒಂದು ಲೀಟರಿನ ಪಾಲಿಥೀನ್ ಬಾಟಲಿ. ಈ ಆಲಿಕೆಗೆ ಒಂದು ಮಿಮೀ ಮಳೆ ಬಿದ್ದರೆ ಸುಮಾರು 31 ಮಿಲಿ ನೀರು ಸಿಗುತ್ತದೆ, ಮಳೆ ಎಷ್ಟು ಬಂತೆಂಬ ಲೆಕ್ಕವೂ ಅದರಲ್ಲೇ ಆಯಿತು. ತಾರಸಿಯ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ, ಮರ, ಗೋಡೆ, ನೀರಿನ ಟ್ಯಾಂಕಿನಿಂದ ದೂರ ಇಡುತ್ತೇನೆ. ಸೋಪು, ನಲ್ಲಿ ನೀರು ಸೋಕಿಸುವುದಿಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ತೊಳೆದು ಮುಚ್ಚಿಡುತ್ತೇನೆ, ಹನಿ ಶುರುವಾದ ಮೇಲೆಯೇ ಮುಚ್ಚಳ ತೆಗೆಯುವುದು. ಹಗಲೆಲ್ಲ ತೆರೆದಿಟ್ಟರೆ ಮಳೆಯ ಬದಲು ಧೂಳಿನ ಕಷಾಯ ಅಳೆದಂತೆ. ಸೂರಿನಿಂದ ಇಳಿದ ನೀರು ಈ ಕೆಲಸಕ್ಕೆ ಬಾರದು. ಸಿಮೆಂಟು ಸೋಕಿದರೆ ಪಿಎಚ್ ಏರಿಬಿಡುತ್ತದೆ.

ಲಿಟ್ಮಸ್ಸು, ಅಕ್ವೇರಿಯಂ ಪಟ್ಟಿ ಯಾವುದೂ ಇಲ್ಲಿ ನಂಬಿಕೆಗೆ ಬಾರವು. ಮಳೆನೀರಿನಲ್ಲಿ ಲವಣ ಎಷ್ಟು ಕಡಿಮೆ ಎಂದರೆ ಪಟ್ಟಿಗೆ ಹಚ್ಚಿದ ಬಣ್ಣವೇ ನೀರಿನ ಪಿಎಚ್ ಬದಲಿಸುತ್ತದೆ. ಮೀಟರಿಗೂ ಇದೇ ಕಷ್ಟ, ಅಂಕಿ ನಿಲ್ಲದೆ ತೇಲುತ್ತದೆ. 4.01 ಮತ್ತು 6.86 ಬಫರುಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳು) ಹೊಂದಿಸಿದ ಮೇಲೆ ಎಲೆಕ್ಟ್ರೋಡನ್ನು, ಅಂದರೆ ಮೀಟರಿನ ಅದ್ದುವ ತುದಿಯನ್ನು, ಚೆನ್ನಾಗಿ ತೊಳೆಯಿರಿ. ಅಲ್ಲಿ ಅಂಟಿ ಉಳಿದ ಒಂದು ಹನಿ ಬಫರ್ ಸಾಕು ಲೆಕ್ಕ ತಪ್ಪಿಸಲು. ಮಳೆನೀರನ್ನು ಎರಡು ಲೋಟಕ್ಕೆ ಹಂಚಿ, ಮೊದಲನೆಯದರಲ್ಲಿ ಅದ್ದಿ ಚೆಲ್ಲಿ, ಎರಡನೆಯದರಲ್ಲಿ ಅದ್ದಿ ಕಲಕದೆ ಮೂರು ನಿಮಿಷ ಬಿಟ್ಟು ಓದಿ. ಬಫರಿನಲ್ಲಿ ಸರಿಯಾಗಿ ತೋರಿಸುವ ಮೀಟರು ಮಳೆನೀರಿನಲ್ಲಿ ಸುಳ್ಳು ಹೇಳಬಹುದು. ಅದಕ್ಕೊಂದು ಪರೀಕ್ಷೆ ಇದೆ: 0.1 ನಾರ್ಮಲ್ ಸಾಂದ್ರತೆಯ ಸಲ್ಫ್ಯೂರಿಕ್ ಆಮ್ಲ 1 ಮಿಲಿಯನ್ನು ಡಿಸ್ಟಿಲ್ಡ್ ವಾಟರಿಗೆ ಬೆರೆಸಿ ಒಂದು ಲೀಟರ್ ಮಾಡಿ. ಪಿಎಚ್ 4.0 ಬರಬೇಕು. 0.1ಕ್ಕಿಂತ ಹೆಚ್ಚು ಆಚೀಚೆ ಆದರೆ ಆ ಎಲೆಕ್ಟ್ರೋಡಿನ ಕಾಲ ಮುಗಿಯಿತು. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿಟ್ಟವರಿಗೆ ಈ ಗತಿ ಬೇಗ ಬರುತ್ತದೆ. ಅದನ್ನು ಇಡಬೇಕಾದದ್ದು 3 ಮೋಲಾರ್ ಸಾಂದ್ರತೆಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ.

ಅಂಕಿ ಬಂದ ಮೇಲೆ ಹೆಚ್ಚು ಜನ ಎಡವುತ್ತಾರೆ. ಏಪ್ರಿಲಿನ ಮಾವಿನ ಮಳೆಯ ಮೊದಲ ನೀರು 6.5 ತೋರಿಸಿದರೆ ‘ಶುದ್ಧ ಮಳೆ’ ಎಂದು ಬರೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಏಳುವ ನಮ್ಮ ಮಣ್ಣಿನ ಧೂಳಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಆಮ್ಲವನ್ನು ಅಲ್ಲೇ ತಿಂದುಹಾಕುತ್ತದೆ. ಆಮ್ಲ ಬಂದಿದ್ದರೂ ಲವಣವಾಗಿ ನೀರಿನಲ್ಲೇ ಕುಳಿತಿರುತ್ತದೆ. ಈ ಗುಟ್ಟು ರಟ್ಟಾಗುವುದು ವಿದ್ಯುತ್ ವಾಹಕತೆ, ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದಾಗ. ಲವಣ ಹೆಚ್ಚಿದಷ್ಟೂ ಅದು ಏರುತ್ತದೆ. ಪಿಎಚ್ 5.6ರ ನೀರಿನಲ್ಲಿ ಹುಳಿಗೆ ಕಾರಣವಾದ ಹೈಡ್ರೊಜನ್ ಅಯಾನುಗಳ ಪಾಲು ಸೆಂಮೀಗೆ ಒಂದು ಮೈಕ್ರೊಸೀಮೆನ್ಸ್ ಅಷ್ಟೇ, 4.6ರಲ್ಲಿ ಸುಮಾರು 9. ಮಳೆ 6.5 ಇದ್ದು ವಾಹಕತೆ 40 ಇದೆ ಎಂದರೆ ಅದು ಸ್ವಚ್ಛ ಮಳೆ ಅಲ್ಲವೇ ಅಲ್ಲ. ಧೂಳಂತೂ ತುಂಬಿದೆ, ಅದರ ಅಡಿಯಲ್ಲಿ ಹುಳಿ ಮುಚ್ಚಿಹೋಗಿರಬಹುದು. ಎಷ್ಟು ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಸಲ್ಫೇಟು, ನೈಟ್ರೇಟು ನೋಡಿಸಬೇಕು. ಅದಕ್ಕೇ ಮಳೆ ಜೋರಿದ್ದಾಗ ಮೊದಲ 2 ಮಿಮೀ ಒಂದು ಬಾಟಲಿಗೆ, ಉಳಿದದ್ದು ಇನ್ನೊಂದಕ್ಕೆ ಹಿಡಿಯುತ್ತೇನೆ. ಧೂಳು ತೊಳೆದುಹೋದ ಮೇಲೆ ಎರಡನೆಯದರ ಪಿಎಚ್ ಇನ್ನೂ ಇಳಿದರೆ ಆಶ್ಚರ್ಯಪಡಬೇಕಿಲ್ಲ.

ಧೂಳಿನ ಈ ಕೆಲಸವನ್ನು ಮಕ್ಕಳಿಗೆ ತೋರಿಸುವಾಗ ಸೀಮೆಸುಣ್ಣ ತರಬೇಡಿ. ಬೋರ್ಡಿಗೆ ಬರೆಯುವ ಸೀಮೆಸುಣ್ಣ ಬಹುತೇಕ ಜಿಪ್ಸಂ, ಹಾಕಿದರೆ ಪಿಎಚ್ ಕದಲುವುದಿಲ್ಲ. ಮೊಟ್ಟೆ ಚಿಪ್ಪನ್ನು ತೊಳೆದು, ಒಣಗಿಸಿ, ನುಣ್ಣಗೆ ಕುಟ್ಟಿ, ಮೇಲೆ ಹೇಳಿದ 4.0ರ ನೀರಿಗೆ ಚಿಟಿಕೆ ಹಾಕಿ. ಅಂಕಿ ಏರುವುದು ಕಣ್ಣೆದುರೇ ಕಾಣುತ್ತದೆ.

ಸರಾಸರಿ ತೆಗೆಯುವಾಗಲೂ ಎಚ್ಚರ. ಪಿಎಚ್ ಲಾಗರಿದಮ್ ಅಳತೆ, ಒಂದು ಅಂಕ ಇಳಿದರೆ ಹತ್ತು ಪಟ್ಟು ಹುಳಿ. ಒಂದು ದಿನ 4.4, ಇನ್ನೊಂದು ದಿನ ಅಷ್ಟೇ ಮಳೆಗೆ 5.6 ಬಂದರೆ ಸರಾಸರಿ 5.0 ಅಲ್ಲ. ಮೊದಲು ಪಿಎಚ್ಚನ್ನು ಹೈಡ್ರೊಜನ್ ಅಯಾನಿನ ಪ್ರಮಾಣಕ್ಕೆ ತಿರುಗಿಸಬೇಕು (10ರ ಘಾತ −ಪಿಎಚ್, ಲೀಟರಿಗೆ ಮೋಲ್ ಲೆಕ್ಕದಲ್ಲಿ). ಲೀಟರಿಗೆ 39.8 ಮತ್ತು 2.5 ಮೈಕ್ರೊಮೋಲ್ ಹೈಡ್ರೊಜನ್ ಅಯಾನು ಕೂಡಿ ಎರಡರಿಂದ ಭಾಗಿಸಿದರೆ 21.2, ಅಂದರೆ ಪಿಎಚ್ 4.67. ಮಳೆಯ ಪ್ರಮಾಣ ಬೇರೆ ಬೇರೆ ಇದ್ದರೆ ಅಯಾನಿನ ಅಂಕಿಯನ್ನು ಆಯಾ ದಿನದ ಮಿಮೀಯಿಂದ ಗುಣಿಸಿ, ಕೂಡಿ, ಒಟ್ಟು ಮಿಮೀಯಿಂದ ಭಾಗಿಸಬೇಕು.

ನೀರನ್ನು ಅಂದೇ ಅಳೆಯಿರಿ. ಇಟ್ಟರೆ ಸೂಕ್ಷ್ಮಜೀವಿಗಳು ಫಾರ್ಮಿಕ್, ಅಸಿಟಿಕ್ ಆಮ್ಲಗಳನ್ನು ತಿಂದು ಪಿಎಚ್ ಏರಿಸುತ್ತವೆ. ತಡವಾಗುವುದಿದ್ದರೆ ಬಾಟಲಿ ತುಂಬಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಆಲಿಕೆಗೆ ಕಾಗೆಯೋ ಪಾರಿವಾಳವೋ ಹಿಕ್ಕೆ ಹಾಕಿದ್ದರೆ ಅಮೋನಿಯಾದಿಂದ ಪಿಎಚ್ಚೂ ವಾಹಕತೆಯೂ ಒಟ್ಟಿಗೆ ಜಿಗಿದಿರುತ್ತವೆ. ಆ ದಿನದ ನೀರನ್ನು ಗಿಡಕ್ಕೆ ಹಾಕಿ, ಪುಸ್ತಕದಲ್ಲಿ ‘ಹಿಕ್ಕೆ’ ಎಂದು ಬರೆದು ಆ ಸಾಲು ಬಿಟ್ಟುಬಿಡಿ.